ಹೇಮಂತದ ನೋಟ್‌ಬುಕ್ಕು

"ನೀವು ನನ್ನ ಪುಟ ನೋಡ್ಕೊಂಡು ಬರೀತಿದೀರಾ?"

ನಯನ ಕೇಳಿದ್ದು ಮೆಲ್ಲಗೇ. ಆದರೆ ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುವವಳ ಗದರಿಕೆ ಅದರಲ್ಲಿ ತಾನಾಗಿಯೇ ಬಂದುಬಿಟ್ಟಿತ್ತು. ಎದುರು ಬೆಂಚಿನ ಸಣಕಲು ಯುವಕ ಹತ್ತು ನಿಮಿಷದಲ್ಲಿ ಆರು ಸಲ ತಲೆಯೆತ್ತಿ ಅವಳ ಕಡೆ ನೋಡಿದ್ದ. ಅವಳು ಎಣಿಸಿದ್ದಳು.

"ಅಯ್ಯೋ, ಇಲ್ಲ ಕಣ್ರೀ. ನಿಮ್ಮ ಹಿಂದುಗಡೆ ಗಡಿಯಾರ ಇದೆ. ಟೈಮ್ ನೋಡ್ತಿದ್ದೆ."

ನಯನ ತಿರುಗಿ ನೋಡಿದಳು. ಗೋಡೆಯ ಮೇಲೆ ಗಡಿಯಾರ ಇತ್ತು, ನಿಜ. ಮತ್ತೆ ಈ ಕಡೆ ತಿರುಗಿದಾಗ ಅವನು ಗಡಿಯಾರ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ಏಳನೇ ಸಲ.

"ಅಲ್ಲಿ ಎರಡು ಪೆನ್ನು ನಿಂತವೆ," ಎಂದರು ಪುಟ್ಟಬಸವಯ್ಯ ಮೇಷ್ಟ್ರು, ಕಿಟಕಿಯ ಹೊರಗೆ ನೋಡುತ್ತಲೇ. ಇಬ್ಬರೂ ತಲೆ ತಗ್ಗಿಸಿ ಬರೆಯತೊಡಗಿದರು.

1998ರ ಯುಗಾದಿ ಕಳೆದ ಮೊದಲ ಭಾನುವಾರ ಅದು. ನಂಜನಗೂಡಿನ ಪೇಟೆಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿ. ವಾರವಿಡೀ ಟಪಟಪ ಎನ್ನುವ ಯಂತ್ರಗಳಿಗೆ ಮುಸುಕು ಹಾಕಿ, ಆ ಬೆಂಚುಗಳಲ್ಲೇ ಮೇಷ್ಟ್ರು ಬರವಣಿಗೆಯ ಅಭ್ಯಾಸ ನಡೆಸುತ್ತಿದ್ದರು. ರಿಟೈರಾದ ಕನ್ನಡ ಮೇಷ್ಟ್ರು. ಫೀಸಿಲ್ಲ, ಸರ್ಟಿಫಿಕೇಟಿಲ್ಲ, ಹಾಗಾಗಿ ಬರುತ್ತಿದ್ದವರು ಎಂಟೊಂಬತ್ತೇ ಜನ. ಆಯಾ ಋತುವನ್ನೇ ನೆನೆದು ಹದಿನೈದು ನಿಮಿಷ ಬರೆಯಬೇಕು. ಪೆನ್ನು ಎತ್ತಬಾರದು, ಹೊಡೆದುಹಾಕಬಾರದು, ಬರೆದದ್ದನ್ನು ತಿರುಗಿ ನೋಡಬಾರದು. ಮನಸ್ಸಿಗೆ ಬಂದದ್ದು ಕೈಗೆ ಬರಬೇಕು.

"ಒಂದು ಋತುವಿಗೆ ಒಂದು ನೋಟ್‌ಬುಕ್ಕು," ಎಂದರು ಮೇಷ್ಟ್ರು. "ಋತು ಮುಗಿದ ದಿನ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ನಿಮ್ಮ ಜೊತೆಗಾರರ ಕೈಗೆ ಕೊಡ್ಬೇಕು. ನಿಮ್ಮ ಹತ್ರಾನೇ ಇದ್ರೆ ತಿದ್ದೋಕೆ ಕೈ ತುರಿಸ್ತದೆ. ಮುಂದಿನ ವರ್ಷ ಅದೇ ಋತು ಬಂದಾಗ ಅವರು ಬಿಚ್ಚಿ ಓದಿ ವಾಪಸ್ ಕೊಡ್ತಾರೆ. ಆಗ ಕೆಂಪು ಪೆನ್ಸಿಲ್ ಹಿಡ್ಕೊಂಡು ತಿದ್ದಿ. ಅಲ್ಲೀತಂಕ ಯಾರೂ ಬಿಚ್ಚಕೂಡದು. ಹೊಸ ಅಕ್ಕಿ ಅನ್ನ ಮುದ್ದೆಯಾಯ್ತದೆ ಕಣ್ರಯ್ಯ. ಒಂದು ವರ್ಷ ಹಳೇದಾಗ್ಲಿ."

ಎದುರುಬದುರು ಕುಳಿತವರನ್ನೇ ಅವರು ಜೊತೆ ಮಾಡಿದರು. ಅಂಗನವಾಡಿಯ ಕೆಂಪಾಜಮ್ಮನಿಗೆ ಪೋಸ್ಟ್‌ಮ್ಯಾನ್ ದೊಡ್ಡಸಿದ್ದಯ್ಯ. ನಯನಳಿಗೆ ಗಡಿಯಾರ ನೋಡುವವನು.

ಅವನ ಹೆಸರು ಅಮೃತೇಶ್. ಊರು ತಿ. ನರಸೀಪುರ. ಅಲ್ಲಿ ಕಪಿಲೆ ಕಾವೇರಿಗೆ ಸೇರುವ ಮುಂಚೆ, ದಡದಲ್ಲಿ ಒಂದು ಅಳತೆಗೋಲು ನೆಟ್ಟಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ ಅದರಲ್ಲಿ ನೀರಿನ ಮಟ್ಟ ಓದಿ ರಿಜಿಸ್ಟರಿಗೆ ಬರೆಯುವುದು ಅವನ ಕೆಲಸ. ಗೇಜ್ ರೀಡರ್ ಅನ್ನುತ್ತಾರೆ.

"ದಿನಾ ಓದಿ ಓದಿ ಏನ್ ಸಿಗುತ್ತೆ?" ಎಂದು ಕೇಳಿದಳು ನಯನ, ಕ್ಲಾಸು ಮುಗಿಸಿ ಮೆಟ್ಟಿಲಿಳಿಯುವಾಗ.

"ಒಂದು ನಂಬರ್ ಸಿಗುತ್ತೆ."

"ಅಷ್ಟೇನಾ?"

"ನದಿ ಅಷ್ಟೇ ಹೇಳೋದು. ನನಗೂ ಮಾತು ಅಷ್ಟಕ್ಕಷ್ಟೇ. ಬರೆಯೋಕಾದ್ರೂ ಬರುತ್ತಾ ನೋಡೋಣ ಅಂತ ಇಲ್ಲಿಗೆ ಬಂದೆ."

ಅವಳಿಗೆ ನಗು ಬಂತು. ನಂಜನಗೂಡಲ್ಲಿ ಹುಟ್ಟಿ ಬೆಳೆದವಳು, ತಾಂಡವಪುರದಲ್ಲೊಂದು ಸಣ್ಣ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಅದೇ ನದಿಯ ದಡದಲ್ಲಿ ಇಪ್ಪತ್ತಮೂರು ವರ್ಷ ಕಳೆದಿದ್ದರೂ ಅದು ಎಷ್ಟಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಮುಂದಿನ ಭಾನುವಾರದಿಂದ ಕೇಳತೊಡಗಿದಳು.

"ನದಿ ಎಷ್ಟಿದೆ?"

"ಸೊನ್ನೆ ಪಾಯಿಂಟ್ ಆರು ಎರಡು."

"ಚೆನ್ನಾಗಿದೆಯಾ?"

"ಸೊರಗಿದೆ. ನಿಮ್ಮೂರಿಂದ ಚೆನ್ನಾಗಿ ನೋಡ್ಕೊಂಡು ಕಳಿಸಿದ್ರೆ ತಾನೇ?"

"ನಮ್ಮೂರ ನೀರು ನಿಮ್ಮೂರಿಗೆ ಬರೋಕೆ ಎಷ್ಟು ಹೊತ್ತಾಗುತ್ತೆ?"

"ಸುಮಾರು ಒಂದು ಹಗಲು," ಎಂದ ಅಮೃತೇಶ್. ಆಮೇಲೆ ಶರ್ಟಿನ ಗುಂಡಿ ಸರಿಮಾಡಿಕೊಳ್ಳುತ್ತಾ, ಅವಳನ್ನು ನೋಡದೆ ಹೇಳಿದ: "ನೀವು ಬೆಳಿಗ್ಗೆ ಕೈ ಅದ್ದಿದ ನೀರನ್ನ ನಾನು ಸಂಜೆ ಅಳೀತೀನಿ."

ಮಾತು ಅಷ್ಟಕ್ಕಷ್ಟೇ ಎಂದವನ ಬಾಯಲ್ಲಿ ಇಂಥ ಮಾತು. ನಯನ ಮಾರನೇ ದಿನ ಶಾಲೆಗೆ ಹೊರಡುವ ಮುಂಚೆ ಸ್ನಾನಘಟ್ಟಕ್ಕೆ ಹೋಗಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡೂ ಕೈ ಮೊಣಕೈವರೆಗೆ ಮುಳುಗಿಸಿ ಬಂದಳು. ಒದ್ದೆ ಸೆರಗು ನೋಡಿ ಅಜ್ಜಿ ಏನೆಂದು ಕೇಳಿದರೆ ಜಾರಿಬಿದ್ದೆ ಎಂದಳು. ಒಂದು ರೀತಿಯಲ್ಲಿ ಅದು ಸುಳ್ಳೂ ಅಲ್ಲ.

*

ಮೇ ಕೊನೆಗೆ ವಸಂತ ಮುಗಿಯಿತು. ಅವಳ ನೋಟ್‌ಬುಕ್ಕು ಅವನ ಕೈಗೆ ಹೋಯಿತು, ಅವನದು ಅವಳ ಕೈಗೆ ಬಂತು. ಕೆಂಪಾಜಮ್ಮ ಮಹಡಿ ಇಳಿಯುವ ಮುಂಚೆಯೇ ದೊಡ್ಡಸಿದ್ದಯ್ಯನ ಕಟ್ಟು ಬಿಚ್ಚಿ, "ಏನಯ್ಯ, ಇಡೀ ವಸಂತದಲ್ಲಿ ಬರೀ ನಿನ್ನ ಮಂಡಿನೋವೇ ಬರ್ದಿದ್ದೀಯಲ್ಲ!" ಎಂದು ನಗಾಡಿದಳು. ಎಲ್ಲರೂ ಹಾಗೇ. ಮೇಷ್ಟ್ರ ನಿಯಮ ಮೇಷ್ಟ್ರ ಎದುರಿಗಷ್ಟೇ ಎಂಬುದು ಆ ಮೆಟ್ಟಿಲುಗಳಿಗೂ ಗೊತ್ತಿತ್ತು.

ನಯನ ಮಾತ್ರ ಬಿಚ್ಚಲಿಲ್ಲ. ತಾಯಿಯಿಲ್ಲದ ಅವಳನ್ನು ಬೆಳೆಸಿದ್ದು ಅಜ್ಜಿ ಸಿದ್ದಲಿಂಗಮ್ಮ. ಆ ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿದರೆ ನಲವತ್ತು ದಿನ ಯಾರೂ ಮುಟ್ಟುವಂತಿರಲಿಲ್ಲ. "ಒತ್ತಿಗೆ ಮುಂಚೆ ಬಾಯ್ ತಗುದ್ರೆ ಬೂಷ್ಟು ಇಡೀತದೆ ಕಣ್ ಕೂಸೇ," ಎನ್ನುವುದು ಅಜ್ಜಿಯ ಮಾತು. ನಯನಳಿಗೆ ಕಾಯುವುದು ಬೇಸರದ ಕೆಲಸವಾಗಿರಲಿಲ್ಲ, ಅದರಲ್ಲೊಂದು ರುಚಿಯಿತ್ತು. ಅಮೃತೇಶನ ಕಟ್ಟನ್ನು ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟಳು. ವಾರಕ್ಕೊಮ್ಮೆ ತೆಗೆದು, ಗಂಟನ್ನು ಬೆರಳಲ್ಲಿ ಸವರಿ, ಮತ್ತೆ ಇಡುತ್ತಿದ್ದಳು. ಜುಲೈನಲ್ಲಿ ಗ್ರೀಷ್ಮದ ಕಟ್ಟು ಅದರ ಪಕ್ಕ ಬಂದು ಕೂತಿತು.

ಅದಾದ ಭಾನುವಾರ ಅವಳು ಕನಕಾಂಬರ ಮುಡಿದು ಹೋದಳು. ಅಜ್ಜಿಯ ಗಿಡ ಆ ವಾರ ಮೈತುಂಬ ಹೂಬಿಟ್ಟಿತ್ತು, ಅಷ್ಟೇ ಕಾರಣ. ಅಮೃತೇಶ್ ಬಾಗಿಲಲ್ಲೇ ನಿಂತುಬಿಟ್ಟ. ಅವನ ಮುಖದಲ್ಲಿ ಎಂಥದೋ ಖುಷಿ ಉಕ್ಕಿ ಬಂತು. ಆ ದಿನ ಹದಿನೈದು ನಿಮಿಷವೂ ಅವನು ಬರೆಯುತ್ತಾ ಬರೆಯುತ್ತಾ ನಗುತ್ತಿದ್ದ.

"ಏನ್ ಸಮಾಚಾರ?" ಎಂದಳು ನಯನ.

"ನಿಮಗೆ ಗೊತ್ತಿಲ್ವಾ?"

"ಇಲ್ಲಪ್ಪ."

"ಆಯ್ತು ಬಿಡಿ, ಗೊತ್ತಿಲ್ಲ," ಎಂದು ಅವನು ಕಣ್ಣಲ್ಲೇ ನಕ್ಕ. ಅವಳಿಗೆ ಏನೂ ಅರ್ಥವಾಗದೆ, ಆದರೂ ನಾಚಿಕೆಯಾಗಿ, ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು.

ಆಗಸ್ಟಿನಲ್ಲಿ ಕಪಿಲೆ ಉಕ್ಕಿತು. ಪ್ರವಾಹ ಬಂದಾಗ ಗಂಟೆಗೊಂದು ಸಲ ಮಟ್ಟ ಓದಬೇಕು. ಅಮೃತೇಶ್ ಮೂರು ಭಾನುವಾರ ಬರಲಿಲ್ಲ. ನಾಲ್ಕನೆಯ ವಾರ ನಯನ, ನರಸೀಪುರದಲ್ಲಿದ್ದ ಅಜ್ಜಿಯ ತಂಗಿ ಸಣ್ಣತಾಯಮ್ಮನನ್ನು ನೋಡಲು ಅಜ್ಜಿಯನ್ನು ಹೊರಡಿಸಿದಳು. ಇಬ್ಬರು ಮುದುಕಿಯರು ಜಗುಲಿಯ ಮೇಲೆ ಎಲೆಯಡಿಕೆ ಬಿಚ್ಚಿದ್ದೇ ತಡ, ಇವಳು ಕೊಡೆ ಹಿಡಿದು ನದಿಗೆ ನಡೆದಳು.

ಮೆಟ್ಟಿಲ ತುದಿಯಲ್ಲಿ ಅವನಿದ್ದ. ಗಡ್ಡ ಬೆಳೆದಿತ್ತು, ಪ್ಯಾಂಟು ಮಂಡಿಯವರೆಗೆ ಮಡಚಿತ್ತು. ಅವಳನ್ನು ಕಂಡು ಅವನ ಕೈಯ ರಿಜಿಸ್ಟರು ಜಾರುವುದು ಸ್ವಲ್ಪದರಲ್ಲೇ ತಪ್ಪಿತು.

"ನದಿ ಎಷ್ಟಿದೆ?" ಎಂದಳು.

"ನೀವೇ ಓದಿ."

ಕಪ್ಪು ಬಿಳಿ ಪಟ್ಟೆ ಬಳಿದ ಕೋಲಿನ ಮೇಲೆ ಕೆಂಪು ನೀರು ಏರಿ ಇಳಿಯುತ್ತಿತ್ತು. ನಯನ ಬಗ್ಗಿ ನೋಡಿ, "ನಾಲ್ಕು ಪಾಯಿಂಟ್ ಮೂರು" ಎಂದಳು.

"ನಾಲ್ಕು ಪಾಯಿಂಟ್ ಎರಡು. ಅಲೆ ಎದ್ದಾಗ ಓದಬಾರದು ಕಣ್ರೀ. ಇಳಿದಾಗಲೂ ಓದಬಾರದು. ಎರಡನ್ನೂ ನೋಡಿ ನಡುವಿನದು ತಗೋಬೇಕು."

"ಅಷ್ಟು ತಾಳ್ಮೆ ಇದೆಯಾ ನಿಮಗೆ?"

"ನದಿ ವಿಷಯದಲ್ಲಿ ಇದೆ," ಎಂದ. ಕೊಡೆ ಒಂದೇ ಇತ್ತು. ಅವನು ಅದರ ಹೊರಗೆ ನಿಂತು ನೆನೆಯುತ್ತಿದ್ದ. ಒಳಗೆ ಬನ್ನಿ ಎಂದು ಅವಳು ಹೇಳಲಿಲ್ಲ, ಕೊಡೆಯನ್ನೇ ಸ್ವಲ್ಪ ಅವನ ಕಡೆ ವಾಲಿಸಿದಳು. ಇಬ್ಬರ ಒಂದೊಂದು ಭುಜ ನೆನೆಯಿತು. ಆಮೇಲೆ ಅವನು ಗೂಡಿನಂಥ ಕೋಣೆಯಿಂದ ಬುತ್ತಿ ತಂದು, ರಾಗಿರೊಟ್ಟಿ ಮುರಿದು, ಕಪ್ಪಗೆ ಸೀದ ಅಂಚನ್ನು ಆರಿಸಿ ಅವಳಿಗೆ ಕೊಟ್ಟ.

"ನಿಮಗೆ ಸೀದ ಅಂಚೇ ಇಷ್ಟ ಅಲ್ವಾ?"

ನಯನ ಬೆರಗಾದಳು. ಅದನ್ನು ಅವಳು ಯಾರಿಗೂ ಹೇಳಿದ ನೆನಪಿರಲಿಲ್ಲ. ಪ್ರೀತಿಸುವವರಿಗೆ ಇಂಥದ್ದೆಲ್ಲ ತಾನಾಗಿಯೇ ತಿಳಿಯುತ್ತದೆ ಎಂದುಕೊಂಡಳು. ವಸಂತದ ಯಾವುದೋ ಭಾನುವಾರ, ಪೆನ್ನೆತ್ತದೆ ಓಡಿದ ಸಾಲುಗಳ ನಡುವೆ ಅದನ್ನು ತಾನೇ ಬರೆದಿದ್ದು ಅವಳಿಗೆ ಮರೆತೇಹೋಗಿತ್ತು. ತಿರುಗಿ ನೋಡಬಾರದು ಎಂದಿದ್ದರಲ್ಲ, ಅವಳು ನೋಡಿರಲಿಲ್ಲ.

*

ಶರತ್ತೂ ಕಳೆದು ಹೇಮಂತ ಬಂತು. ಅವರೆಕಾಯಿಯ ಸೊಗಡು ಮನೆಮನೆಯಲ್ಲಿ. ಅಂಥ ಒಂದು ಬೆಳಿಗ್ಗೆ, ಬಾಳೆಮಂಡಿಗೆ ಹೊರಟಿದ್ದ ಅಪ್ಪ ಗಂಗಾಧರಸ್ವಾಮಿ, ಚಪ್ಪಲಿ ಮೆಟ್ಟಿದವರು ಮತ್ತೆ ಬಿಟ್ಟು ಒಳಬಂದರು.

"ಗುಂಡ್ಲುಪೇಟೆ ಕಡೆಯಿಂದ ಒಂದು ಸಂಬಂಧ ಬಂದದೆ ಕಣಮ್ಮ. ಹುಡುಗನ ಹೆಸರು ನಂಜೇಶ ಅಂತ. ಪಂಪ್‌ಸೆಟ್ ಅಂಗಡಿ ಇಟ್ಟವ್ನೆ. ಒಳ್ಳೆ ಜನ." ಅವಳ ಎದುರು ಕೂತು ಅಂದರು: "ನಿನ್ನ ಮನಸ್ಸಲ್ಲಿ ಯಾರಾದ್ರೂ ಇದ್ರೆ ಈಗ್ಲೇ ಹೇಳ್ಬುಡು. ನಾನೇ ಹೋಗಿ ಮಾತಾಡ್ತೀನಿ. ಆಮೇಲೆ ಹೇಳಿದ್ರೆ ನನ್ನ ಕೈಲಿ ಏನೂ ಆಗಾಕಿಲ್ಲ."

ಇಂಥ ಅಪ್ಪ ಎಷ್ಟು ಹುಡುಗಿಯರಿಗೆ ಸಿಗುತ್ತಾನೆ? ಅಮೃತೇಶ್ ಅವರದೇ ಜನ, ಒಂದು ಹಗಲಿನ ನೀರಿನ ದೂರದ ಊರು. ಅಡ್ಡಿ ಯಾವುದೂ ಇರಲಿಲ್ಲ. ಇಲ್ಲದ್ದು ಅವನ ಒಂದು ಮಾತು ಮಾತ್ರ. ಅವನು ಕೇಳದೆ ನಾನು ಹೇಗೆ ಹೆಸರು ಹೇಳಲಿ, ಆಮೇಲೆ ಅವನು ಹಾಗೇನಿಲ್ಲ ಅಂದರೆ ಅಪ್ಪನ ಮುಖ ಎಲ್ಲಿಡಲಿ ಎಂದು ಅವಳಿಗೆ ಭಯ.

"ಸ್ವಲ್ಪ ದಿನ ಬಿಡಪ್ಪ," ಎಂದಳು. ಯುಗಾದಿಯವರೆಗೆ ಎಂದು ಅಪ್ಪ ಗಡುವು ಕೊಟ್ಟರು.

ಆ ಭಾನುವಾರ ಹೇಮಂತದ ಕೊನೆಯ ಪುಟ ಬರೆಯಬೇಕಿತ್ತು. ಚಳಿಯ ಬಗ್ಗೆ ಶುರುಮಾಡಿದ ಪೆನ್ನು ತಾನೇ ದಾರಿ ಬದಲಿಸಿತು. ನಯನ ತಡೆಯಲಿಲ್ಲ. ಹೇಗೂ ಒಂದು ವರ್ಷ ಯಾರೂ ಓದುವುದಿಲ್ಲ ಎಂಬ ಧೈರ್ಯವಿತ್ತಲ್ಲ, ಎಲ್ಲವನ್ನೂ ಬರೆದಳು. ಬರೆದು ಮುಗಿಸಿ, ಹುಷಾರಾಗಿ ಕಾಗದ ಸುತ್ತಿ, ಅಜ್ಜಿ ಹೂ ಕಟ್ಟುವ ಬಾಳೆನಾರಿನಿಂದ, ಅಜ್ಜಿ ಹಾಕುವಂಥ ಮೂರು ಸುತ್ತಿನ ಗಂಟು ಹಾಕಿದಳು.

ಅಮೃತೇಶ್ ತನ್ನ ಕಟ್ಟನ್ನು ಅವಳ ಕೈಗಿಟ್ಟ.

"ಈ ಸಲ ಕೊನೆಯ ಪುಟ ಚೆನ್ನಾಗಿ ಬಂದಿದೆ," ಎಂದ.

"ಹೌದಾ? ಮುಂದಿನ ವರ್ಷ ನೋಡ್ತೀನಿ," ಎಂದು ನಯನ ನಕ್ಕಳು.

ಅವನೂ ನಕ್ಕ. ಕನಕಾಂಬರದ ದಿನ ನಕ್ಕ ಹಾಗೇ. "ಆಯ್ತು, ಮುಂದಿನ ವರ್ಷವೇ ನೋಡಿ," ಎಂದು ಹೇಳಿ, ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.

ಮುಂದಿನ ಭಾನುವಾರ ಅವನು ಬಂದ. ಮುಖ ಬಾಡಿತ್ತು. ಬೆಂಚಿನಲ್ಲಿ ಕೂತವನು ತಲೆಯೆತ್ತಲಿಲ್ಲ. ಗಡಿಯಾರದ ನೆಪವೂ ಇಲ್ಲ.

"ನದಿ ಎಷ್ಟಿದೆ?" ಎಂದಳು ನಯನ, ಎಂದಿನಂತೆ.

ಅವನು ಅವಳನ್ನು ಬಹಳ ಹೊತ್ತು ನೋಡಿದ. "ಇಳಿದಿದೆ," ಎಂದ.

ಅವನು ನಂಬರ್ ಹೇಳದಿದ್ದುದು ಅದೇ ಮೊದಲು. ಏನಾಯಿತು ಎಂದು ಕೇಳಬೇಕೆಂದು ಅವಳು ಮುಂದಿನ ವಾರಕ್ಕೆ ಕಾದಳು. ಮುಂದಿನ ವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನದಿಯಲ್ಲಿ ಪ್ರವಾಹವಿರಲಿಲ್ಲ.

*

1999ರ ಯುಗಾದಿಯ ಬೆಳಿಗ್ಗೆ, ಬೇವುಬೆಲ್ಲ ತಿಂದ ಬಾಯಲ್ಲೇ, ನಯನ ವಸಂತದ ಕಟ್ಟು ಬಿಚ್ಚಿದಳು. ಹೊತ್ತಿಗೆ ಸರಿಯಾಗಿ ಜಾಡಿ ತೆಗೆಯುವ ಖುಷಿಯಿಂದಲೇ ಬಿಚ್ಚಿದಳು. ಮೊದಲ ಪುಟದಲ್ಲಿ ಹೀಗಿತ್ತು: "ವಸಂತ. ನದಿ ೦.೬೬. ಹೊಂಗೆ ಚಿಗುರಿದೆ. ಎದುರಿಗೆ ಕೂತವಳು ನಾನು ಕದ್ದು ಬರೆಯುತ್ತೇನೆ ಅಂತ ಸಿಟ್ಟಾಗಿದ್ದಾಳೆ. ಗಡಿಯಾರ ನೋಡುತ್ತಿದ್ದೆ ಅಂದೆ. ಆ ಗಡಿಯಾರ ಕೆಟ್ಟುಹೋಗಿದೆ. ಅವಳು ತಿರುಗಿ ನೋಡಿದರೂ ಅದು ಅವಳಿಗೆ ಹೊಳೆಯಲಿಲ್ಲ."

ಅವಳು ಒಬ್ಬಳೇ ನಕ್ಕಳು. ಅಪ್ಪನಿಗೆ ಈ ವಾರವೇ ಹೇಳಿಬಿಡುವುದು, ಅವನು ಬಾಯಿಬಿಟ್ಟು ಕೇಳದಿದ್ದರೂ ಸರಿ ಎಂದು ತೀರ್ಮಾನಿಸಿದಳು. ಭಾನುವಾರ ಕ್ಲಾಸಿಗೆ ಹೋದರೆ ಮೇಷ್ಟ್ರ ಮೇಜಿನ ಮೇಲೆ ಅರಿಸಿನ ಹಚ್ಚಿದ ಕಾಗದವೊಂದಿತ್ತು.

"ನಮ್ಮ ಅಮೃತೇಶನ ಮದುವೆಯಂತೆ ಕಣಮ್ಮ, ವೈಶಾಖದಲ್ಲಿ," ಎಂದರು ಮೇಷ್ಟ್ರು. "ಹುಡುಗಿ ಪವಿತ್ರಾ ಅಂತ, ಅವರಮ್ಮನ ಕಡೆಯೋಳು. ಪೋಸ್ಟಲ್ಲಿ ಕಳಿಸವ್ನೆ, ನೋಡು. ಬರೋಕೂ ಪುರುಸೊತ್ತಿಲ್ಲ ಕಳ್ಳಂಗೆ."

ಆ ದಿನ ವಸಂತದ ಮೇಲೆ ನಯನ ಬರೆದದ್ದು ಒಂದೇ ಪದ. ವಸಂತ, ವಸಂತ, ವಸಂತ. ಹದಿನೈದು ನಿಮಿಷ ಪೆನ್ನು ಎತ್ತಲಿಲ್ಲ. ಮನೆಗೆ ಹೋಗಿ ಅಪ್ಪನಿಗೆ, ಗುಂಡ್ಲುಪೇಟೆಯವರು ಬಂದು ನೋಡಲಿ ಎಂದಳು. ಅವರು ಬಂದರು, ಒಪ್ಪಿದರು. ಅಧಿಕಮಾಸ, ನಂಜೇಶನ ತಂಗಿಯ ಬಾಣಂತನ ಎಂದೆಲ್ಲ ಆಗಿ ಮದುವೆ ಮುಂದಿನ ಮಾಘಕ್ಕೆ ನಿಶ್ಚಯವಾಯಿತು.

ಇನ್ನು ಆ ಕಟ್ಟುಗಳನ್ನು ಬಿಚ್ಚಿ ಏನು ಪ್ರಯೋಜನ? ಆದರೂ ಗ್ರೀಷ್ಮ ಬಂದಾಗ ಗ್ರೀಷ್ಮದ್ದನ್ನು ಬಿಚ್ಚಿದಳು. "ಅವಳು ಕನಕಾಂಬರ ಮುಡಿದರೆ ಚೆನ್ನಾಗಿರುತ್ತದೆ," ಎಂದು ಒಂದು ಕಡೆ ಇತ್ತು. ವರ್ಷಋತುವಿನ ಮೊದಲ ಪುಟ ಹೀಗಿತ್ತು: "ಓದಿದ್ದಾಳೆ! ಕನಕಾಂಬರ ಮುಡಿದು ಬಂದಳು. ಗೊತ್ತಿಲ್ಲ ಅಂತ ನಾಟಕ ಆಡುತ್ತಾಳೆ. ನಾನು ಅವಳದನ್ನು ಬಸ್ಸಿನಲ್ಲೇ ಓದಿಬಿಡುತ್ತೇನೆ, ಅವಳೂ ಓದುತ್ತಾಳೆ. ಮೇಷ್ಟ್ರಿಗೆ ಹೇಳಬೇಡ, ನದಿಯೇ."

ನಯನ ಆ ಸಾಲನ್ನು ಎಷ್ಟು ಸಲ ಓದಿದಳೋ. ಸೀದ ರೊಟ್ಟಿಯ ಅಂಚು ಎಲ್ಲಿಂದ ಬಂತೆಂದು ಈಗ ತಿಳಿಯಿತು. ಹೇಮಂತದ ಕಟ್ಟಿನಲ್ಲಿ ಏನಿರಬಹುದೆಂಬ ಹೆದರಿಕೆಯೂ ಆಗಲೇ ಹುಟ್ಟಿತು. ಬಿಚ್ಚಿ ನೋಡಬಹುದಿತ್ತು. ಯಾರು ತಡೆಯುತ್ತಿದ್ದರು? ಆದರೆ ಈಗ ಮೇಷ್ಟ್ರ ನಿಯಮವೇ ಅವಳಿಗೆ ಆಸರೆಯಾಯಿತು. ಇನ್ನೂ ಹೇಮಂತ ಬಂದಿಲ್ಲ ಎಂದು ನಾಲ್ಕೈದು ತಿಂಗಳು ಆ ಕಟ್ಟನ್ನು ಮುಟ್ಟಲಿಲ್ಲ.

ಡಿಸೆಂಬರಿನಲ್ಲಿ ಮಾರ್ಗಶಿರ ಹುಟ್ಟಿದ ದಿನ ಬಿಚ್ಚಿದಳು. ಕೊನೆಯ ಪುಟ, ಅವನು ಹೇಳಿದ ಹಾಗೆ, ಚೆನ್ನಾಗಿಯೇ ಬಂದಿತ್ತು.

"ಬಾಯಲ್ಲಿ ಕೇಳಿದರೆ ಇಲ್ಲ ಅನ್ನುವುದು ನಿಮಗೆ ಕಷ್ಟವಾದೀತು. ಅದಕ್ಕೆ ಬರೆಯುತ್ತಿದ್ದೇನೆ. ಈ ಬುಧವಾರ ಬೆಳಿಗ್ಗೆ ಎಂಟಕ್ಕೆ ಗೇಜ್ ಹತ್ತಿರ ಬನ್ನಿ. ಬಂದರೆ ಮರುದಿನವೇ ಅಮ್ಮನನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಬಾರದಿದ್ದರೆ ನಾನು ಕೇಳಲೇ ಇಲ್ಲ, ನೀವು ಓದಲೇ ಇಲ್ಲ ಅಂದುಕೊಳ್ಳೋಣ. ಮತ್ತೆ ಈ ಮಾತು ಎತ್ತುವುದಿಲ್ಲ."

ನಯನ ಅಳಲಿಲ್ಲ, ಮೊದಲಿಗೆ ಸಿಟ್ಟು ಬಂತು. ಅವನು ಎಲ್ಲವನ್ನೂ ಬಸ್ಸಿನಲ್ಲೇ ಓದುವವನಲ್ಲವೇ? ಹಾಗಾದರೆ ನನ್ನ ಹೇಮಂತವನ್ನೂ ಓದಿದ್ದಾನೆ. ಅದರಲ್ಲಿ ಅಷ್ಟು ಸ್ಪಷ್ಟವಾಗಿ ಬರೆದಿದ್ದೆ. ಓದಿದ ಮೇಲೂ, ಒಂದು ಬುಧವಾರ ಬರಲಿಲ್ಲ ಅಂತ, ಯಾಕೆಂದು ಒಂದು ಮಾತು ಕೇಳದೆ, ಹೋಗಿ ತಾಳಿ ಕಟ್ಟಿದನೇ? ಇದನ್ನು ಅವನ ಮುಖಕ್ಕೇ ಕೇಳಬೇಕು ಎಂದು ಮಾರನೇ ದಿನ ಮೊದಲ ಬಸ್ಸು ಹತ್ತಿದಳು.

*

ಎಂಟಕ್ಕೆ ಹತ್ತು ನಿಮಿಷವಿತ್ತು. ನದಿಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅಮೃತೇಶ್ ಅದೇ ಮೆಟ್ಟಿಲ ಮೇಲೆ, ಮಫ್ಲರ್ ಸುತ್ತಿಕೊಂಡು ನಿಂತಿದ್ದ. ಅವಳನ್ನು ನೋಡಿ ಎರಡು ಮೆಟ್ಟಿಲು ಹತ್ತಿ ಬಂದ.

ಅಷ್ಟರಲ್ಲಿ ಹಿಂದಿನಿಂದ ಹೆಣ್ಣುದನಿ ಕೇಳಿತು. "ಕಾಫಿ ಆರೋಯ್ತದೆ ಕಣ್ರೀ, ಕುಡ್ಕೊಂಡು ಬರ್ಕೊಳ್ಳಿ." ಆರು ತಿಂಗಳ ಬಸುರಿ, ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದರಲ್ಲಿ ಫ್ಲಾಸ್ಕ್ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ನಯನಳನ್ನು ನೋಡಿ ನಿಂತಳು.

"ನಮ್ಮ ಬರವಣಿಗೆ ಕ್ಲಾಸಿನವರು, ನಯನ ಅಂತ," ಎಂದ ಅಮೃತೇಶ್.

"ಓ, ನೀವೇನಾ!" ಪವಿತ್ರಾಳ ಮುಖ ಅರಳಿತು. "ಮೇಷ್ಟ್ರು ಕ್ಲಾಸು ಅಂತ ಹೇಳ್ತಿದ್ರು. ಈಗ ರಿಜಿಸ್ಟರ್ ಬಿಟ್ರೆ ಏನೂ ಬರೆಯಾಕಿಲ್ಲ ಅಕ್ಕ ಇವ್ರು. ನೀವಾದ್ರೂ ಬುದ್ಧಿ ಹೇಳಿ. ಬನ್ನಿ, ಮನೆ ಇಲ್ಲೇ ಮೇಲೆ."

ನಯನ ಆ ಹುಡುಗಿಯ ಮುಖ ನೋಡಿದಳು. ಕೇಳಲು ಬಂದ ಪ್ರಶ್ನೆಯನ್ನು ಇನ್ನು ಕೇಳುವಂತಿರಲಿಲ್ಲ. ಹೇಗೋ ಒಂದು ಮಾತು ಜೋಡಿಸಿದಳು. "ಹೊತ್ತಿಲ್ಲ ಕಣಮ್ಮ. ನನ್ನ ಹೇಮಂತದ ನೋಟ್‌ಬುಕ್ಕು ಇವರ ಹತ್ರ ಇದೆ. ತಿದ್ದಬೇಕು, ಮೇಷ್ಟ್ರು ಕೇಳ್ತಿದಾರೆ."

"ನಾನ್ ತರ್ತೀನಿ ಇರಿ. ಕಾಗದ ಸುತ್ತಿರೋದಲ್ವಾ? ಬೀರು ಮೇಲಿಟ್ಟವ್ರೆ." ಫ್ಲಾಸ್ಕನ್ನು ಮೆಟ್ಟಿಲ ಮೇಲಿಟ್ಟು ಪವಿತ್ರಾ ನಿಧಾನವಾಗಿ ಹತ್ತಿಹೋದಳು.

ಕಾಗದ ಸುತ್ತಿರೋದು. ನಯನ ಅಮೃತೇಶನ ಕಡೆ ತಿರುಗಿದಳು.

"ನೀವು ಅದನ್ನ ಓದಿಲ್ವಾ?"

ಅಮೃತೇಶ್ ನದಿಯ ಕಡೆ ತಿರುಗಿದ. "ನಿಮ್ಮ ಹತ್ರ ಮುಚ್ಚುಮರೆ ಯಾಕೆ. ಬೇರೆ ಎಲ್ಲಾನೂ ಅವತ್ತವತ್ತೇ ಓದ್ತಿದ್ದೆ. ಅದೊಂದನ್ನ ಮಾತ್ರ, ಬುಧವಾರ ನೀವು ಬಂದ್ಮೇಲೆ ನಿಮ್ಮ ಎದುರಿಗೇ ಬಿಚ್ಚೋಣ ಅಂತ ಇಟ್ಕೊಂಡೆ. ಸಂಜೆ ಆರರ ರೀಡಿಂಗ್ ತನಕ ಇಲ್ಲೇ ಕೂತಿದ್ದೆ. ಆಮೇಲೆ ಬಿಚ್ಚೋಕೆ ಧೈರ್ಯ ಬರ್ಲಿಲ್ಲ." ಮತ್ತೆ ಅವಳ ಕಡೆ ತಿರುಗಿ ಅಂದ: "ಈಗ ಹೇಮಂತ ಬಂತಲ್ಲ. ಮೇಷ್ಟ್ರು ಹೇಳಿದ ಪ್ರಕಾರನೇ ಈ ವಾರ ಓದೋಣ ಅಂತಿದ್ದೆ."

ಪವಿತ್ರಾ ಕಟ್ಟು ತಂದುಕೊಟ್ಟಳು. ಬಾಳೆನಾರು ಒಣಗಿ ಕಂದಾಗಿತ್ತು. ಅಜ್ಜಿಯ ಮೂರು ಸುತ್ತಿನ ಗಂಟು ಹಾಕಿದ ಹಾಗೇ ಇತ್ತು. ಒಂದು ಹೂಂ ಒಂದು ವರ್ಷ ಆ ಮನೆಯ ಬೀರುವಿನ ಮೇಲೆ ಬಾಯಿಕಟ್ಟಿಸಿಕೊಂಡು ಕೂತಿತ್ತು. ಪವಿತ್ರಾ ಹಾಲು ಒಲೆಯ ಮೇಲಿದೆಯೆಂದು ಮತ್ತೆ ಮೇಲೆ ಹೋದಳು.

"ಒಂದ್ಸಲ ಓದಿ ಕೊಡ್ಲಾ?" ಎಂದ ಅಮೃತೇಶ್, ಕೈ ಚಾಚಿ. "ಓದಿನೇ ವಾಪಸ್ ಕೊಡ್ಬೇಕು ಅಲ್ವಾ ನಿಯಮ."

"ಬೇಡ." ನಯನ ಕಟ್ಟನ್ನು ಎದೆಗೊತ್ತಿಕೊಂಡಳು. "ಅದರಲ್ಲಿ ಏನೂ ಇಲ್ಲ. ಚಳಿ, ಅವರೆಕಾಯಿ, ಮಂಜು. ಅಷ್ಟೇ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಕೊನೆಗೆ ಅವನೇ ಕೇಳಿದ, ಇಡೀ ವರ್ಷ ಕೇಳಲು ಕಾದವನ ದನಿಯಲ್ಲಿ.

"ನಂದು ನೀವು ಓದಿದ್ರಾ? ಅವತ್ತು?"

ನಯನ ಇಡೀ ಜೀವಮಾನದಲ್ಲಿ ಒಂದು ನಿಯಮವನ್ನೂ ಮುರಿದವಳಲ್ಲ. ಇಲ್ಲ, ಅವತ್ತು ಓದಲಿಲ್ಲ, ನಿನ್ನೆ ಓದಿದೆ ಎಂದರೆ ನಿಜ ಹೇಳಿದಂತಾಗುತ್ತಿತ್ತು. ಹೇಳಿದರೆ ಇವನು ಇನ್ನು ಮುಂದೆ ದಿನಾ ಎಂಟಕ್ಕೂ ಆರಕ್ಕೂ ಈ ಮೆಟ್ಟಿಲಿಳಿದು ಅದನ್ನೇ ಓದಬೇಕಿತ್ತು. ಮೇಲೆ ಮನೆಯಲ್ಲಿ ಪಾತ್ರೆಯ ಸದ್ದು ಕೇಳುತ್ತಿತ್ತು.

"ಓದಿದ್ದೆ," ಎಂದಳು. "ಅವತ್ತೇ. ಮನೆ ಸೇರೋ ಮುಂಚೆನೇ ಓದಿದ್ದೆ."

"ಹಾಗಾದ್ರೆ ಕನಕಾಂಬರ?"

"ಅದನ್ನೂ ಓದಿಯೇ ಮುಡಿದಿದ್ದೆ. ಆದ್ರೆ ಬುಧವಾರದ ಹೊತ್ತಿಗೆ ಮನೇಲಿ ಬೇರೆ ಮಾತು ಆಗಿತ್ತು. ಅಪ್ಪನ ಮಾತು ಮೀರೋಕೆ ಆಗ್ಲಿಲ್ಲ. ಮಾಘದಲ್ಲಿ ನನ್ನ ಮದುವೆ."

ಅಮೃತೇಶ್ ದೊಡ್ಡದಾಗಿ ಉಸಿರು ಬಿಟ್ಟ. ಅವನ ಭುಜ ಸಡಿಲವಾಯಿತು. "ಸದ್ಯ. ಇಲ್ಲ ಅಂದಿದ್ದಕ್ಕೆ ಬೇಜಾರಿಲ್ಲ ಕಣ್ರೀ. ಒಂದೊಂದ್ಸಲ, ನಾನು ಕೇಳಿದ್ದು ನಿಮಗೆ ತಲುಪಲೇ ಇಲ್ವೇನೋ ಅನ್ನೋ ಯೋಚನೆ ಬರೋದು. ಅದು ಬಂದ್ರೆ ಆ ದಿನವೆಲ್ಲ ಊಟ ಸೇರ್ತಿರ್ಲಿಲ್ಲ."

"ತಲುಪಿತು," ಎಂದಳು ನಯನ.

ಎಂಟಾಯಿತು. ಅವನು ರಿಜಿಸ್ಟರು ತೆರೆದ, ಆದರೆ ಕಣ್ಣೊರೆಸಿಕೊಳ್ಳುತ್ತಾ ಸುಮ್ಮನೆ ನಿಂತ. ನಯನಳೇ ಮೆಟ್ಟಿಲಿಳಿದು, ಬಗ್ಗಿ, ಅಲೆ ಏರಿದ್ದನ್ನೂ ಇಳಿದದ್ದನ್ನೂ ನೋಡಿ, ನಡುವಿನದು ತೆಗೆದುಕೊಂಡಳು.

"ಸೊನ್ನೆ ಪಾಯಿಂಟ್ ಒಂಬತ್ತು ನಾಲ್ಕು."

ಅವನು ಪರೀಕ್ಷಿಸದೆ ಬರೆದುಕೊಂಡ.

ವಾಪಸ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಗಂಟು ಬಿಚ್ಚಲು ಉಗುರು ಸಾಲದೆ ಹಲ್ಲಿನಿಂದ ಕಚ್ಚಿ ಹರಿದಳು. ಬಸ್ಸಿನಲ್ಲಿ ಓದುವುದು ಹೇಗಿರುತ್ತದೆಂದು ಅವಳಿಗೂ ಗೊತ್ತಾಗಬೇಕಿತ್ತು. ಕೊನೆಯ ಪುಟದ ತುದಿಯಲ್ಲಿ, ಓಡುವ ಅಕ್ಷರದಲ್ಲಿ ಇತ್ತು: "ಅವನು ಯಾಕೆ ಕೇಳುವುದಿಲ್ಲ. ಎಲ್ಲಿಗೆ ಕರೆದರೂ ಹೋಗುತ್ತೇನೆ. ಕೇಳಿದ ದಿನವೇ ಹೂಂ ಅನ್ನುತ್ತೇನೆ." ಆಗ ಅವಳು ಅತ್ತಳು. ಸುತ್ತೂರು ದಾಟುವವರೆಗೂ ಅತ್ತಳು. ಪಕ್ಕದಲ್ಲಿ ಕೂತ ಹೆಂಗಸು, "ಯಾರು ಓದ್ರವ್ವ?" ಎಂದು ಕೇಳಿದಳು. ನಯನ ತಲೆಯಾಡಿಸಿದಳು.

ಭಾನುವಾರ ಕ್ಲಾಸಿನಲ್ಲಿ ಮೇಷ್ಟ್ರು ಅವಳ ಮುಂದೆ ಬಂದು ನಿಂತರು. ಬೇರೆ ಯಾರ ಹತ್ತಿರವೂ ಒಂದು ವರ್ಷದ ಹಳೆಯ ಕಟ್ಟು ಉಳಿದಿರಲಿಲ್ಲ.

"ಭೇಷ್. ನೀನೊಬ್ಳೇ ಕಣಮ್ಮ ನನ್ನ ಮಾತು ಉಳಿಸಿದೋಳು," ಎಂದು ಅವರು ಕೆಂಪು ಪೆನ್ಸಿಲನ್ನು ಅವಳ ಕೈಗಿತ್ತರು. "ಹೆಂಗಿದೆ ಹಳೇ ಅಕ್ಕಿ? ಎಲ್ಲೆಲ್ಲಿ ತಿದ್ಬೇಕು ಅನ್ನಿಸ್ತು?"

ನಯನ ಪೆನ್ಸಿಲನ್ನು ಅವರ ಕೈಗೇ ಹಿಂದಿರುಗಿಸಿದಳು.

"ತಿದ್ದೋಕೆ ಏನೂ ಇಲ್ಲ ಮೇಷ್ಟ್ರೇ," ಎಂದಳು. "ಅವತ್ತು ಬರೆದದ್ದು ಇವತ್ತಿಗೂ ಹಾಗೇ ಇದೆ."